ಕನ್ಸಲ್ಟೆಂಟ್ ಸಹಿ ಹಾಕಿದ್ದಾರೆ ಅಂದ್ರೆ ಸಾಕಾ?



ತೊಪ್ಪೂರು ಘಾಟಿಯಲ್ಲಿ ಲಾರಿ ಬ್ರೇಕ್ ಫೇಲಾದರೆ ಮಾರನೇ ದಿನ ಪೇಪರಲ್ಲಿ ಬರುತ್ತೆ. ರಸ್ತೆ ಹೀಗ್ಯಾಕೆ ಮಾಡಿದ್ರಿ ಅಂತ ಊರೆಲ್ಲಾ ಕೇಳುತ್ತೆ. ನೀರಿನ ಕಾಮಗಾರಿ ಕೆಟ್ಟರೆ ಹಾಗಲ್ಲ. ಅದು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ, ದೊಡ್ಡವರ ಕೀಲು ನೋವಾಗಿ ವರ್ಷಗಳಾದ ಮೇಲೆ ಕಾಣುತ್ತೆ. ಅಷ್ಟು ಹೊತ್ತಿಗೆ ಕಂಟ್ರಾಕ್ಟರ್ ಬಿಲ್ ಪಾಸಾಗಿರುತ್ತೆ, ಇಂಜಿನಿಯರ್ ವರ್ಗವಾಗಿರುತ್ತಾರೆ, ಕನ್ಸಲ್ಟೆಂಟ್ ಬೇರೆ ರಾಜ್ಯದಲ್ಲಿ ಬೇರೆ ಕೆಲಸ ಹಿಡಿದಿರುತ್ತಾರೆ.

ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದಕ್ಕೇ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ತಡೆ ಯೋಜನೆ ಬಂತು. 2008ರಲ್ಲಿ ಶಂಕುಸ್ಥಾಪನೆ, 2013ರಲ್ಲಿ ಉದ್ಘಾಟನೆ. ವೆಚ್ಚ ಸುಮಾರು 1,928 ಕೋಟಿ ರೂಪಾಯಿ, ಅದರಲ್ಲಿ ದೊಡ್ಡ ಪಾಲು ಜಪಾನಿನ ಸಾಲ. ಕೆಲಸ ಮಾಡಿಸಿದ್ದು ತಮಿಳುನಾಡಿನ ಟ್ವಾಡ್ ಬೋರ್ಡ್. 2008ರಲ್ಲಿ ಎರಡು ರಾಜ್ಯಗಳ ಮಧ್ಯೆ ಎಷ್ಟು ಜಗಳ ಆಯ್ತು ಅಂತ ಹಿರಿಯರನ್ನ ಕೇಳಿ. ನೀರು ಯಾರದು ಅಂತ ಎಲ್ಲರೂ ಕೂಗಿದ್ರು. ಈ ಕಡೆ ಇರೋ ಕನ್ನಡದ ಮನೆಗಳೂ ಅದೇ ನೀರು ಕುಡಿಯಬೇಕು, ಹಾಗಾಗಿ ಕಾಮಗಾರಿ ಹೇಗೆ ಆಗ್ತಿದೆ ಅನ್ನೋದೂ ನಮ್ಮ ಪ್ರಶ್ನೆಯೇ ಅನ್ನೋ ಮಾತು ಆ ಗದ್ದಲದಲ್ಲಿ ಹಿಂದೆ ಬಿತ್ತು.

ಈಗ ಮತ್ತೆ ಸಮಯ ಬಂದಿದೆ. ಯೋಜನೆಯನ್ನು ದೊಡ್ಡದು ಮಾಡುತ್ತೇವೆ ಅಂತ ತಮಿಳುನಾಡು ಸರ್ಕಾರ 2021ರಿಂದಲೂ ಹೇಳುತ್ತಿದೆ. ಇಷ್ಟು ದೊಡ್ಡ ಕಾಮಗಾರಿ ಅಂದ ಮೇಲೆ ಇಂಜಿನಿಯರಿಂಗ್ ಕನ್ಸಲ್ಟೆಂಟ್ ಇದ್ದೇ ಇರ್ತಾರೆ. ನಕ್ಷೆ ಮಾಡೋದು, ಟೆಂಡರ್ ಕಾಗದ ತಯಾರಿಸೋದು, ಸೈಟ್ ನೋಡೋದು, ಕಂಟ್ರಾಕ್ಟರ್ ಬಿಲ್ಲಿಗೆ ಶಿಫಾರಸು ಮಾಡೋದು ಅವರ ಕೆಲಸ. ಅವರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕೆಲಸವನ್ನು ನೋಡೋರು ಯಾರು?

ಬ್ಯಾಂಕಿನ ಕೆಲಸ ಗೊತ್ತಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಪಾಸ್ ಮಾಡಬೇಕು. ಹಾಕಿದವರೇ ಪಾಸ್ ಮಾಡೋ ಹಾಗಿಲ್ಲ. ಇಬ್ಬರೂ ಒಳ್ಳೆಯವರೇ ಇರಬಹುದು, ಆದ್ರೂ ನಿಯಮ ನಿಯಮವೇ. ಅದರ ಮೇಲೆ ಆಡಿಟ್ ಬೇರೆ. ಐದು ಸಾವಿರ ರೂಪಾಯಿ ವೋಚರಿಗೇ ಎರಡು ಸಹಿ ಕೇಳ್ತೀವಿ. ಕೋಟಿ ಲೆಕ್ಕದ ಪೈಪಿಗೆ ಕನ್ಸಲ್ಟೆಂಟ್ ಸಹಿ ಮಾಡಿದರು, ಕಚೇರಿ ಕಣ್ಣು ಮುಚ್ಚಿ ಅದರ ಕೆಳಗೆ ಇನ್ನೊಂದು ಸಹಿ ಹಾಕಿತು ಅಂದ್ರೆ ಅದು ಎರಡು ಸಹಿ ಅಲ್ಲ, ಒಂದೇ ಸಹಿಯ ಜೆರಾಕ್ಸ್.

ಫೀಸಿನ ಲೆಕ್ಕವನ್ನೂ ನೋಡಿ. ತಿಂಗಳಿಗೆ ಇಷ್ಟು ಜನ, ಇಷ್ಟು ಸಂಬಳ ಅಂತ ಫೀಸು ಇದ್ದರೆ ಕೆಲಸ ಎಳೆದಷ್ಟೂ ಕನ್ಸಲ್ಟೆಂಟಿಗೆ ಲಾಭ. ಒಟ್ಟು ವೆಚ್ಚದ ಶೇಕಡಾವಾರು ಇದ್ದರೆ ವೆಚ್ಚ ಏರಿದಷ್ಟೂ ಲಾಭ. ಒಂದೇ ಗುತ್ತಾ ಮೊತ್ತ ಇದ್ದರೆ ಸೈಟಿಗೆ ಕಡಿಮೆ ಜನ ಕಳಿಸಿದಷ್ಟೂ ಲಾಭ. ಯಾವ ದಾರಿ ಹಿಡಿದರೂ ಒಂದು ತೂತು ಇದ್ದೇ ಇದೆ. ಹಾಗಂತ ಎಲ್ಲಾ ಕನ್ಸಲ್ಟೆಂಟ್‌ಗಳೂ ಕಳ್ಳರು ಅಂತ ನಾವು ಹೇಳ್ತಿಲ್ಲ. ತೂತು ಎಲ್ಲಿದೆ ಅಂತ ಗೊತ್ತಿದ್ದು ಅಲ್ಲೇ ನಿಂತು ನೋಡಬೇಕಾದ್ದು ಕೆಲಸ ಕೊಟ್ಟ ಕಚೇರಿ. ಅದು ನೋಡದಿದ್ರೆ ಬೇಲಿಯೇ ಎದ್ದು ಹೊಲ ಮೇಯೋಕೆ ಹೊತ್ತು ಬೇಕಾಗಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಂದ್ಕೋಬೇಡಿ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸೋಕೆ ನೀರಿನ ಮೂಲ ಬದಲಿಸಿದ್ರು. ಹಳೆ ಶುದ್ಧೀಕರಣ ಘಟಕವನ್ನು ನದಿ ನೀರಿಗೆ ಸಿದ್ಧ ಮಾಡಿದ್ರು. ಅದಕ್ಕೂ ಇಂಜಿನಿಯರಿಂಗ್ ಕನ್ಸಲ್ಟೆಂಟ್ ಇದ್ರು. ಆದರೆ ಪೈಪು ತುಕ್ಕು ಹಿಡಿಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಹಳೆ ಪೈಪಿನ ಸೀಸ ಕರಗಿ ಮಕ್ಕಳ ರಕ್ತ ಸೇರಿತು. ಜನ ಬಣ್ಣದ ನೀರಿನ ಬಾಟಲಿ ಹಿಡಿದು ಬೀದಿಗೆ ಬಂದ ಮೇಲೆ, 2015ರಲ್ಲಿ ಇನ್ನೊಂದು ಕನ್ಸಲ್ಟೆಂಟ್ ಕಂಪನಿ ಬಂದು ನೀರು ನಿಯಮದ ಒಳಗೇ ಇದೆ ಅಂತ ವರದಿ ಕೊಟ್ಟಿತು. ಮುಂದೆ ಎರಡೂ ಕಂಪನಿಗಳ ಮೇಲೆ ಕೇಸು ಬಿತ್ತು. ತಪ್ಪು ಒಪ್ಪದೆ ದುಡ್ಡು ಕಟ್ಟಿ ರಾಜಿ ಮಾಡಿಕೊಂಡವು. ದುಡ್ಡಿನಿಂದ ಆ ಮಕ್ಕಳಿಗೆ ಆದ ಹಾನಿ ವಾಪಸ್ ಹೋಗುತ್ತಾ?

ನಮ್ಮಲ್ಲಿ ಸೀಸ ಅಲ್ಲ, ಫ್ಲೋರೈಡ್. ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳ್ಕೊಳ್ಳಿ. ನದಿ ನೀರಿನ ಘಟಕ ಫ್ಲೋರೈಡನ್ನು ಸೋಸಿ ತೆಗೆಯೋದಕ್ಕೆ ಕಟ್ಟಿದ್ದಲ್ಲ. ಆಲಂ ಹಾಕಿ ಮಣ್ಣು ಕೂರಿಸುತ್ತೆ, ಮರಳಲ್ಲಿ ಸೋಸುತ್ತೆ, ಕ್ಲೋರಿನ್ ಹಾಕುತ್ತೆ. ಫ್ಲೋರೈಡ್ ತಪ್ಪೋದು ಬೋರ್ ನೀರಿನ ಬದಲು ಕಾವೇರಿ ನೀರು ಕುಡಿಯೋದ್ರಿಂದ. ಆದ್ದರಿಂದ ಘಟಕದಲ್ಲಿ ತೆಗೆದ ಸ್ಯಾಂಪಲ್ ಎಷ್ಟೇ ಚೆನ್ನಾಗಿ ಬಂದರೂ, ಊರಿನ ಟ್ಯಾಂಕಲ್ಲಿ ಬೋರ್ ನೀರು ಬೆರೆಸಿದರೆ ಫ್ಲೋರೈಡ್ ಮತ್ತೆ ಮನೆ ಸೇರುತ್ತೆ. ಕನ್ಸಲ್ಟೆಂಟ್ ವರದಿ ಘಟಕದ ಗೇಟಿಗೇ ನಿಂತರೆ ಅದು ಅರ್ಧ ವರದಿ. ಕೊನೆ ಮನೆಯ ನಲ್ಲಿವರೆಗೂ ಬರಬೇಕು.

ಹಾಗಾದ್ರೆ ನಾವೇನು ಕೇಳಬೇಕು? ನಾವು ಇಂಜಿನಿಯರ್ ಆಗಬೇಕಿಲ್ಲ. ಐದು ಪ್ರಶ್ನೆ ಸಾಕು.

ಒಂದು: ಒಪ್ಪಂದದಲ್ಲಿ ತೋರಿಸಿದ ಅನುಭವಸ್ಥ ಇಂಜಿನಿಯರ್‌ಗಳೇ ಸೈಟಲ್ಲಿ ಇದ್ದಾರಾ, ಇಲ್ಲ ಅವರ ಹೆಸರಲ್ಲಿ ಹೊಸಬರು ಬಂದಿದ್ದಾರಾ? ಹಾಜರಿ ಪುಸ್ತಕ ಎಲ್ಲಿ?

ಎರಡು: ಪೈಪು ಮುಚ್ಚೋ ಮೊದಲು ಒತ್ತಡ ಹಾಕಿ ಪರೀಕ್ಷೆ ಮಾಡಿದ್ರಾ? ಬೋರ್ಡಿನ ಇಂಜಿನಿಯರ್ ಅಲ್ಲಿ ನಿಂತು ನೋಡಿದ್ರಾ, ಇಲ್ಲ ವರದಿ ಮಾತ್ರ ನೋಡಿದ್ರಾ?

ಮೂರು: ಅಳತೆ ಪುಸ್ತಕದಲ್ಲಿ ಬರೆದ ಅಳತೆಯನ್ನು ಕಚೇರಿಯವರು ಸ್ಥಳದಲ್ಲಿ ಅಳೆದು ತಾಳೆ ನೋಡಿದ್ದಾರಾ?

ನಾಲ್ಕು: ಹೆಚ್ಚುವರಿ ಕೆಲಸ ಅಂತ ಎಷ್ಟು ದುಡ್ಡು ಸೇರಿತು, ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು?

ಐದು: ಬ್ಯಾಂಕ್ ಗ್ಯಾರಂಟಿ ಅವಧಿ ಯಾವಾಗ ಮುಗಿಯುತ್ತೆ? ಕೆಲಸ ಎಳೆದು ಗ್ಯಾರಂಟಿ ತಾರೀಕು ದಾಟಿದರೆ ಅದು ಬರೀ ಕಾಗದ. ಆಮೇಲೆ ಯಾರನ್ನೂ ಹಿಡಿಯೋಕಾಗಲ್ಲ.

ಕೇಳೋ ಹಕ್ಕು ನಮಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ವಿಧಿಯಲ್ಲಿ ಕಾಗದದ ನಕಲು ಮಾತ್ರ ಅಲ್ಲ, ಕಾಮಗಾರಿಯನ್ನೇ ಹೋಗಿ ನೋಡೋ ಹಕ್ಕು, ಸಾಮಗ್ರಿಯ ದೃಢೀಕೃತ ಸ್ಯಾಂಪಲ್ ಪಡೆಯೋ ಹಕ್ಕೂ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಇಲ್ಲಿ ಆ ಅರ್ಜಿ ತಮಿಳಲ್ಲೋ ಇಂಗ್ಲಿಷಲ್ಲೋ ಹಿಂದಿಯಲ್ಲೋ ಹಾಕಬೇಕು. ನಮ್ಮ ಹುಡುಗರಿಗೆ ತಮಿಳು ಬರುತ್ತೆ, ಅದರಲ್ಲಿ ಸಂಕೋಚ ಬೇಡ. ಕುಂದುಕೊರತೆಯ ಮನವಿ ಬೇರೆ. ಸಂವಿಧಾನದ 350ನೇ ವಿಧಿ ಪ್ರಕಾರ ಅದನ್ನು ಯಾವ ಅಧಿಕಾರಿಗೆ ಬೇಕಾದರೂ ಕನ್ನಡದಲ್ಲೇ ಕೊಡಬಹುದು. ನಮ್ಮ ಅಜ್ಜಿಯರು, ಅಮ್ಮಂದಿರು ನೀರಿನ ಕಷ್ಟವನ್ನು ತಮ್ಮ ಮಾತಲ್ಲೇ ಬರೆಸಿ ಹೆಬ್ಬೆಟ್ಟು ಒತ್ತಬಹುದು.

ಇನ್ನೊಂದು ದಾರಿ ಗ್ರಾಮಸಭೆ. ತಮಿಳುನಾಡಿನಲ್ಲಿ ಈಗ ವರ್ಷಕ್ಕೆ ಆರು ಸಭೆ. ಅದರಲ್ಲಿ ಮಾರ್ಚ್ 22 ವಿಶ್ವ ಜಲದಿನ, ನವೆಂಬರ್ 1 ಸ್ಥಳೀಯಾಡಳಿತ ದಿನ. ಅದೇ ದಿನ ನಮಗೆ ರಾಜ್ಯೋತ್ಸವ. ಬಾವುಟ ಕಟ್ಟಿ ಸಿಹಿ ಹಂಚಿದ ಮೇಲೆ ಹತ್ತು ಜನ ಗ್ರಾಮಸಭೆಗೆ ಹೋಗಿ ಕೂತರೆ ಹಬ್ಬಕ್ಕೇನೂ ಕಮ್ಮಿ ಆಗಲ್ಲ. ನಮ್ಮ ಟ್ಯಾಂಕಿಗೆ ಬೋರ್ ನೀರು ಬೆರೆಸ್ತೀರಾ, ಫ್ಲೋರೈಡ್ ಎಷ್ಟಿದೆ ಅಂತ ಕೇಳಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಗರಿಷ್ಠ 1.5. ಉತ್ತರವನ್ನು ತೀರ್ಮಾನ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಭರವಸೆಗೆ ಬೆಲೆ ಇಲ್ಲ.

ಹೊಗೇನಕಲ್ ಅನ್ನೋ ಹೆಸರಲ್ಲೇ ಕನ್ನಡದ ಹೊಗೆಯೂ ಇದೆ, ಕಲ್ಲೂ ಇದೆ ಅಂತ ಹೆಮ್ಮೆ ಪಡ್ತೀವಿ. ಹೆಸರಿನ ಹೆಮ್ಮೆ ಇರಲಿ. ಆದರೆ ಆ ನೀರು ತಮಿಳು ಮನೆ, ಕನ್ನಡ ಮನೆ, ತೆಲುಗು ಮನೆ ಅಂತ ನೋಡದೆ ಹರಿಯುತ್ತೆ, ಫ್ಲೋರೈಡೂ ಹಾಗೇ. ಪಕ್ಕದ ಮನೆ ತಮಿಳು ಗೆಳೆಯನನ್ನೂ ಜೊತೆಗೆ ಕರ್ಕೊಂಡು ಹೋಗಿ. ಎರಡನೇ ಹಂತದ ಟೆಂಡರ್ ಕಾಗದ ಬಂದ ದಿನವೇ ಮೊದಲ ಅರ್ಜಿ ಬೀಳಬೇಕು. ಪೈಪು ಮಣ್ಣಲ್ಲಿ ಮುಚ್ಚಿದ ಮೇಲೆ ಕೇಳಿದರೆ ಉತ್ತರವೂ ಮಣ್ಣಲ್ಲೇ ಇರುತ್ತೆ.