ಸೇವೆಯೂ ಲೆಕ್ಕವೂ

ಗಣೇಶನ ಹಬ್ಬದ ಚಂದಾ ಕೊಟ್ಟು ಮುಗಿದಿರುತ್ತದೆ, ರಾಜ್ಯೋತ್ಸವದ ಚಂದಾ ಕೇಳುವವರು ಇನ್ನೂ ಬಂದಿರುವುದಿಲ್ಲ. ಈ ನಡುವಿನ ದಿನಗಳಲ್ಲಿ ರಾಬರ್ಟ್‌ಸನ್‌ಪೇಟೆಯ ಅಂಗಡಿಬೀದಿಗೂ ಬಂಗಾರಪೇಟೆಯ ಬಜಾರಿಗೂ ಮಹಿಳಾ ಸಂಘಗಳ ಸೋದರಿಯರು ರಸೀತಿ ಪುಸ್ತಕ ಹಿಡಿದು ಬರುತ್ತಾರೆ. ಒಂದು ವರ್ಷ ತಿಂಡಿ ಮೇಳ, ಇನ್ನೊಂದು ವರ್ಷ ತಂಬೋಲಾ, ಮತ್ತೊಂದು ವರ್ಷ ಸಹಾಯಾರ್ಥ ಸಂಗೀತ ಸಂಜೆ. ಟಿಕೆಟ್ಟು ಕೊಳ್ಳಬೇಕು, ಸ್ಮರಣ ಸಂಚಿಕೆಗೆ ಜಾಹೀರಾತು ಕೊಡಬೇಕು, ಬಹುಮಾನಕ್ಕೆಂದು ಒಂದು ಕುಕ್ಕರನ್ನೋ ಸೀರೆಯನ್ನೋ ಕೊಟ್ಟರೆ ಇನ್ನೂ ಸಂತೋಷ. ಕೂಡಿದ ಹಣದಲ್ಲಿ ಕಣ್ಣಿನ ಶಿಬಿರ, ಶಾಲೆಯ ಮಕ್ಕಳಿಗೆ ನೋಟುಪುಸ್ತಕ, ಬಡ ಹೆಂಗಸರಿಗೆ ಹೊಲಿಗೆ ಯಂತ್ರ, ಚಳಿಗಾಲಕ್ಕೆ ಕಂಬಳಿ. ಈ ಸಂಘಗಳ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಮಗೆ ಬಹುದಿನಗಳಿಂದ ಅನ್ನಿಸುತ್ತಿತ್ತು.

ಮೊದಲೇ ಹೇಳಿಬಿಡುತ್ತೇವೆ, ನಾವು ಈ ಸೋದರಿಯರನ್ನು ಹಂಗಿಸಲು ಹೊರಟವರಲ್ಲ. ಹೊಟ್ಟೆ ತುಂಬಿದವರು ಹೊತ್ತು ಕಳೆಯುವ ಆಟ ಇದು ಎಂದು ತಳ್ಳಿಹಾಕುವ ಚಾಳಿ ನಮ್ಮ ಪಕ್ಷದ ಗೆಳೆಯರಲ್ಲಿ ಕೆಲವರಿಗೆ ಉಂಟು. ಹಾಗೆ ಹೇಳುವ ಗೆಳೆಯರು ತಮ್ಮ ಮನೆಯ ಹೆಂಗಸರನ್ನು ಪಕ್ಷದ ಸಭೆಗೆ ಎಷ್ಟು ಸಲ ಕರೆತಂದಿದ್ದಾರೆಂದು ಎಣಿಸಹೊರಟರೆ ಒಂದು ಕೈಯ ಬೆರಳುಗಳೇ ಮಿಗುತ್ತವೆ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿಯಾಗಿದ್ದರು. ಅವರೇ 1936ರಲ್ಲಿ ಮೀರತ್‌ನಲ್ಲಿ ನಡೆದ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಮಹಿಳಾ ಸಂಘದ ಕೆಲಸಕ್ಕೂ ಸಮಾಜವಾದಕ್ಕೂ ನಡುವೆ ಗೋಡೆ ಇದೆಯೆಂದು ಅವರು ಎಣಿಸಲಿಲ್ಲ. ನಾವೇಕೆ ಎಣಿಸಬೇಕು?

ಊರೂರುಗಳಲ್ಲಿ ಇಂದು ಹೆಸರು ಕೇಳಿಬರುವ ಇನ್ನರ್ ವೀಲ್ ಸಂಸ್ಥೆಯ ಕಥೆಯನ್ನೇ ನೋಡಬಹುದು. ಬಟ್ಟೆ ಗಿರಣಿಗಳ ಊರಾದ ಮ್ಯಾಂಚೆಸ್ಟರ್‌ನಲ್ಲಿ 1924ರ ಜನವರಿ 10ರಂದು ಮಾರ್ಗರೆಟ್ ಗೋಲ್ಡಿಂಗ್ ಎಂಬಾಕೆಯ ಮುಂದಾಳುತನದಲ್ಲಿ ರೋಟರಿ ಸದಸ್ಯರ ಮನೆಯ ಹೆಂಗಸರು ಅದನ್ನು ಕಟ್ಟಿದರು. ಗಂಡಂದಿರ ಸಂಸ್ಥೆಯಲ್ಲಿ ಹೆಂಡಿರಿಗೆ ಸದಸ್ಯತ್ವವಿರಲಿಲ್ಲ. ಆದುದರಿಂದ ತಮ್ಮದೇ ಒಂದು ಮಾಡಿಕೊಂಡರು. ಲೋಕಸೇವೆಯ ಮಾತಾಡುವ ಆ ಗಂಡಸರು ತಮ್ಮ ನಿಯಮ ತಿದ್ದಿ ಹೆಂಗಸರಿಗೆ ಬಾಗಿಲು ತೆರೆದದ್ದು 1989ರಲ್ಲಿ. ಅರುವತ್ತೈದು ವರ್ಷ! ಹೊರಗೆ ನಿಂತವರ ನೋವು ಏನೆಂಬುದನ್ನು ಇಂಥ ಸಂಘಗಳ ಹೆಂಗಸರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಹಾಗಿರುವಾಗ ಅವರಲ್ಲಿ ನಾವು ಕೇಳುವುದು ಒಂದೇ. ಮಾರಿಕುಪ್ಪಂನ ಲೈನಿನಲ್ಲಿ ಇರುವ ಹೆಂಗಸು ನಿಮ್ಮ ಸಭೆಗೆ ಕಂಬಳಿ ತೆಗೆದುಕೊಳ್ಳಲು ಬರುತ್ತಾಳೆ. ಆ ಕಂಬಳಿ ಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆಯಲ್ಲಿ ಅವಳಿಗೆ ಒಂದು ಕುರ್ಚಿ ಏಕಿಲ್ಲ?

ಈ ಪ್ರಶ್ನೆ ಬೇರೆ ಊರುಗಳಿಗಿಂತ ಕೆ.ಜಿ.ಎಫ್.ನಲ್ಲಿ ಹೆಚ್ಚು ಚುಚ್ಚುತ್ತದೆ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಇಲ್ಲಿ ಎರಡು ಊರುಗಳಿದ್ದವು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳ ಊರು ಒಂದು. ತಟ್ಟಿ ಮನೆಗಳ ಊರು ಇನ್ನೊಂದು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುಚ್ಛಕ್ತಿ ಬಂತೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆದರೆ ಕೂಲಿಗಳ ಮನೆಯಲ್ಲಿ ಬುಡ್ಡಿದೀಪವೇ ಬಹುಕಾಲ ಉರಿಯಿತು. ಕೆಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆ ಕೊರೆದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು ಸಿಲಿಕೋಸಿಸ್ ಆಯಿತು. 1940ರ ದಶಕದಲ್ಲಿ ಇಲ್ಲಿ ನಡೆದ ಪರೀಕ್ಷೆಯಲ್ಲಿ ನೋಡಿದವರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಆ ರೋಗವಿತ್ತು. ಗಣಿಯ ಆಸ್ಪತ್ರೆ ಬೆಳೆದದ್ದು ಇಂಥ ಎದೆಗಳ ಮೇಲೆ. 1930ರಲ್ಲಿ ಬೆರಳಚ್ಚಿನ ವಿರುದ್ಧ ಹೂಡಿದ ಮುಷ್ಕರ, 1946ರ ನವೆಂಬರ್ 4ರಂದು ಗುಂಡಿಗೆ ಬಿದ್ದ ಕಾರ್ಮಿಕರು, ಸಂಘ ಕಟ್ಟಿ ಜೈಲಿಗೆ ಹೋದವರು, ಇವರೆಲ್ಲರ ಲೆಕ್ಕ ಸೇರಿಸಿಕೊಂಡು ನೋಡಿದರೆ ಆ ಆಸ್ಪತ್ರೆಯ ಔಷಧಿಯೂ ಹೆರಿಗೆ ಕೋಣೆಯೂ ದಾನವಾಗಿರಲಿಲ್ಲ. ಅದು ಕೂಲಿಯ ಒಂದು ಭಾಗ.

ಗಣಿ 1956ರಲ್ಲಿ ಮೈಸೂರು ಸರ್ಕಾರಕ್ಕೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ ಕೊನೆಯಲ್ಲಿ ಮುಚ್ಚಿತು. ಅಂದಿನಿಂದ ಆದದ್ದೇನು? ಹಕ್ಕಾಗಿದ್ದದ್ದು ಸಹಾಯವಾಯಿತು. ನಿನ್ನೆ ತನ್ನ ಚೀಟಿ ತೋರಿಸಿ ಆಸ್ಪತ್ರೆಯಲ್ಲಿ ಔಷಧಿ ಪಡೆಯುತ್ತಿದ್ದ ಮನೆಯೊಡತಿ ಇಂದು ಶಿಬಿರದ ಬ್ಯಾನರಿನ ಕೆಳಗೆ ಕೈಮುಗಿದು ಫೋಟೋಗೆ ನಿಲ್ಲಬೇಕಾಗಿದೆ. ಇದು ಆ ಸಂಘದ ಸೋದರಿಯರ ತಪ್ಪಲ್ಲ. ಆದರೆ ತಾವು ತುಂಬುತ್ತಿರುವ ಹಳ್ಳವನ್ನು ಯಾರು ತೋಡಿದರು ಎಂಬುದು ಅವರಿಗೆ ತಿಳಿದಿರಬೇಕು.

2021ರಲ್ಲಿ ಕೋವಿಡ್ಡಿನ ಎರಡನೆಯ ಅಲೆ ಬಂದಾಗ ಏನಾಯಿತೆಂದು ಓದುಗರು ಕಣ್ಣಾರೆ ಕಂಡಿದ್ದಾರೆ. ಇಪ್ಪತ್ತು ವರ್ಷ ಪಾಳುಬಿದ್ದಿದ್ದ ಗಣಿ ಆಸ್ಪತ್ರೆಗೆ ನೂರಾರು ಸ್ವಯಂಸೇವಕರು ನುಗ್ಗಿ, ಕಸ ಗುಡಿಸಿ, ನೆಲ ತೊಳೆದು, ಮಂಚಗಳನ್ನು ಒರೆಸಿ ರೋಗಿಗಳಿಗೆ ಅಣಿಮಾಡಿದರು. ಮುಂದೆ ನಿಂತವರು ನಮ್ಮ ಪಕ್ಷದವರಲ್ಲ. ಆದರೂ ಮಾಡಿದ ಕೆಲಸಕ್ಕೆ ನಮಸ್ಕಾರ. ಆ ಕೆಲಸದಿಂದ ಎರಡು ಸಂಗತಿ ಬಯಲಾದವು. ಜನ ಮನಸ್ಸು ಮಾಡಿದರೆ ಇಪ್ಪತ್ತು ವರ್ಷದ ಧೂಳು ಎರಡು ವಾರದಲ್ಲಿ ಹೋಗುತ್ತದೆ, ಇದು ಒಂದು. ಹಾಗಾದರೆ ಆ ಇಪ್ಪತ್ತು ವರ್ಷ ಅದನ್ನು ಮುಚ್ಚಿಟ್ಟವರಿಗೆ ಯಾವ ನೆಪ ಉಳಿಯಿತು, ಇದು ಎರಡನೆಯದು. ನೆಲ ಗುಡಿಸಲು ಸ್ವಯಂಸೇವಕರು ಸಾಕು. ಡಾಕ್ಟರಿಗೂ ದಾದಿಗೂ ತಿಂಗಳು ತಿಂಗಳು ಸಂಬಳ ಕೊಡಲು ತಂಬೋಲಾದ ಹಣ ಸಾಲದು, ಸರ್ಕಾರದ ಬೊಕ್ಕಸವೇ ಬೇಕು.

ಹಾಗೆಂದು ಹೆಂಗಸರು ಕೂಡಿಹಾಕಿದ ಚಿಲ್ಲರೆ ಹಣದಿಂದ ಗಟ್ಟಿಯಾದದ್ದು ಏನೂ ಆಗದು ಎಂದರೆ ನಮ್ಮ ಜಿಲ್ಲೆಯೇ ಅದನ್ನು ಸುಳ್ಳು ಮಾಡುತ್ತದೆ. ಕೋಲಾರದಲ್ಲಿ ಇ.ಟಿ.ಸಿ.ಎಂ. ಎಂದೇ ಜನ ಕರೆಯುವ ಆಸ್ಪತ್ರೆಯ ಪೂರ್ತಿ ಹೆಸರು ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ. ನಮ್ಮ ಓದುಗರಲ್ಲಿ ಅಲ್ಲಿ ಹುಟ್ಟಿದವರು ಎಷ್ಟು ಮಂದಿಯೋ! ಅದರ ಬೇರು ಇರುವುದು 1869ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೆಥೊಡಿಸ್ಟ್ ಹೆಂಗಸರು ಕಟ್ಟಿದ ಒಂದು ಸಂಘದಲ್ಲಿ. ಆ ಸಂಘದ ಚಂದಾ ತಲೆಗೆ ವಾರಕ್ಕೆ ಎರಡು ಸೆಂಟು. ಆ ಬಿಡಿ ಕಾಸುಗಳನ್ನು ಕೂಡಿಸಿಯೇ ಕ್ಲಾರಾ ಸ್ವೈನ್ ಎಂಬ ಲೇಡಿ ಡಾಕ್ಟರನ್ನು ಅವರು ಬರೇಲಿಗೆ ಕಳಿಸಿದರು. ಮುಂದೆ ಕೋಲಾರದಲ್ಲೂ ಹೆಂಗಸರಿಗೂ ಮಕ್ಕಳಿಗೂ ಮದ್ದು ಸಿಗುವಂತಾಯಿತು. ಅವರ ಮತಪ್ರಚಾರ ನಮಗೆ ಒಪ್ಪಿತವೆಂದು ಯಾರೂ ತಿಳಿಯಬೇಡಿ, ಅದು ಬೇರೆ ಮಾತು. ನಮಗೆ ಬೇಕಾದದ್ದು ಅವರ ಹಣದ ಕ್ರಮ. ವರ್ಷಕ್ಕೊಂದು ಸಂಜೆಯ ಗದ್ದಲವಲ್ಲ, ವಾರ ವಾರದ ಚಂದಾ. ಹತ್ತು ಮಂದಿ ದೊಡ್ಡವರಿಂದ ಅಲ್ಲ, ಸಾವಿರ ಮಂದಿ ಸಾಮಾನ್ಯರಿಂದ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು, ಅವರು ಮಾಡಿ ತೋರಿಸಿದರು.

ಈ ಕ್ರಮ ನಮ್ಮ ಲೈನುಗಳ ಹೆಂಗಸರಿಗೆ ಹೊಸದೇನೂ ಅಲ್ಲ. ಗಣಿ ಮುಚ್ಚಿದ ಸುಮಾರಿನಲ್ಲಿಯೇ, 2000–01ರಲ್ಲಿ, ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಅಂದಿನಿಂದ ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕಟ್ಟುತ್ತ, ತಮ್ಮಲ್ಲೇ ಸಾಲ ಕೊಡುತ್ತ, ನೆಟ್ಟಗೆ ವಸೂಲು ಮಾಡುತ್ತ ಬಂದಿರುವ ಗುಂಪುಗಳು ಬೀದಿಬೀದಿಗಿವೆ. ಒಬ್ಬಳು ಓದುಬಲ್ಲವಳು ಪುಸ್ತಕ ಬರೆಯುತ್ತಾಳೆ, ಉಳಿದವರು ಬಾಯಲ್ಲೇ ಲೆಕ್ಕ ಇಟ್ಟಿರುತ್ತಾರೆ. ಪುಸ್ತಕಕ್ಕೂ ಬಾಯಿಗೂ ಒಂದು ರೂಪಾಯಿ ವ್ಯತ್ಯಾಸ ಬಂದರೂ ಆ ದಿನ ಯಾರೂ ಮನೆಗೆ ಹೋಗುವಂತಿಲ್ಲ. ಹಣ ಕೂಡಿಸುವ ವಿದ್ಯೆಯನ್ನು ದೊಡ್ಡ ಮನೆಯ ಸೋದರಿಯರು ಇವರ ಬಳಿ ಕಲಿಯಬಹುದು, ಲೆಕ್ಕ ಹೇಳುವ ವಿದ್ಯೆಯನ್ನಂತೂ ಕಲಿಯಲೇಬೇಕು.

ಲೆಕ್ಕದ ಮಾತು ಬಂತಲ್ಲ, ಅಂಗಡಿಯವರ ಗೋಳಿಗೆ ಬರೋಣ. ಬಟ್ಟೆಯಂಗಡಿಯವನು ಐನೂರರ ಟಿಕೆಟ್ಟು ಕೊಂಡ, ಪಾತ್ರೆಯಂಗಡಿಯವನು ಕುಕ್ಕರು ಕೊಟ್ಟ, ಬಂಗಾರಪೇಟೆಯ ಚಾಟ್ ಗಾಡಿಯವನು ಊರೆಲ್ಲ ಮೆಚ್ಚುವ ತಿಳಿನೀರಿನ ಪಾನಿಪೂರಿಯನ್ನು ಮೇಳದಲ್ಲಿ ಅರ್ಧ ಬೆಲೆಗೆ ಹಾಕಿದ. ಕಡೆಗೆ ವೇದಿಕೆಯ ಮೇಲೆ ಹಾರ ಬಿದ್ದದ್ದು ಯಾರಿಗೆ? ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂಬ ಗಾದೆ ಆ ಸಂಜೆ ಅಂಗಡಿಯ ಗಲ್ಲದ ಹಿಂದೆ ಕೂತವನಿಗೆ ನೆನಪಾದರೆ ತಪ್ಪೇನು? ಅವನು ಕೊಡಲಾರೆನೆನ್ನುತ್ತಿಲ್ಲ. ಎಷ್ಟು ಬಂತು, ಶಾಮಿಯಾನ ಮೈಕು ಊಟಕ್ಕೆ ಎಷ್ಟು ಹೋಯಿತು, ಬಡವರ ಕೈಗೆ ಎಷ್ಟು ಸೇರಿತು, ಈ ಮೂರು ಅಂಕಿ ಕೇಳುತ್ತಿದ್ದಾನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ದಾಖಲಾದ ಸಂಘ ವರ್ಷ ವರ್ಷ ತಪಾಸಣೆಯಾದ ಲೆಕ್ಕವನ್ನು ರಿಜಿಸ್ಟ್ರಾರರಿಗೆ ಒಪ್ಪಿಸಬೇಕೆಂದು ಇದೆ. ರಿಜಿಸ್ಟ್ರಾರರಿಗೆ ಕೊಟ್ಟದ್ದರ ಒಂದು ಪ್ರತಿಯನ್ನು ಬಜಾರಿನಲ್ಲಿ ಅಂಟಿಸಲು ಒಂದು ಹಿಡಿ ಗೋಂದು ಸಾಕು. ಅದನ್ನು ಕನ್ನಡದಲ್ಲಿ ಅಂಟಿಸಲಿ, ಲೈನಿನವರಿಗಾಗಿ ತಮಿಳಿನಲ್ಲೂ ಅಂಟಿಸಲಿ. ಇಂಗ್ಲಿಷಿನಲ್ಲಿ ಅಚ್ಚಾದ ಆಹ್ವಾನ ಪತ್ರಿಕೆಗಳನ್ನು ನೋಡಿ ನೋಡಿ ನಮಗೆ ಸಾಕಾಗಿದೆ.

ಇನ್ನು ಹೊಲಿಗೆ ಯಂತ್ರ. ವರ್ಷ ವರ್ಷ ಇಷ್ಟು ಯಂತ್ರ ಹಂಚಿದೆವು ಎಂಬ ಸುದ್ದಿ ಓದುತ್ತೇವೆ. ಯಂತ್ರ ಮನೆಗೆ ಹೋದ ಮೇಲೆ ಹೊಲಿಯಲು ಬಟ್ಟೆ ಎಲ್ಲಿಂದ ಬರಬೇಕು? ಒಂದೇ ಬೀದಿಯಲ್ಲಿ ಏಳು ಯಂತ್ರ ಇಟ್ಟರೆ ಏಳು ಮಂದಿ ಒಂದೇ ರವಿಕೆಗೆ ಕಾಯುತ್ತಾರೆ. ಆ ಏಳು ಮಂದಿಯಲ್ಲಿ ನಾಲ್ವರು ವರ್ಷದೊಳಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟು, ಕೋಳಿ ಕೂಗುವ ಮೊದಲೇ ಎದ್ದು, ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿರುತ್ತಾರೆ. ಹೋಗುತ್ತ ಬರುತ್ತ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಈ ಸೋದರಿಯರ ಮನೆಮಕ್ಕಳು ಓದುವ ಶಾಲೆಗಳ ಸಮವಸ್ತ್ರ ಹೊಲಿಯುವ ಗುತ್ತಿಗೆಯಲ್ಲಿ ಒಂದು ಪಾಲನ್ನು ಆ ಏಳು ಮಂದಿಗೆ ಕೊಡಿಸಿದ್ದರೆ ಯಂತ್ರ ಕೊಟ್ಟದ್ದು ಸಾರ್ಥಕವಾಗುತ್ತಿತ್ತು. ಶಾಲೆಯ ಆಡಳಿತದವರ ಮನೆಯ ಹೆಂಗಸರೂ ಬಟ್ಟೆ ವರ್ತಕರ ಮನೆಯ ಹೆಂಗಸರೂ ಸಂಘದಲ್ಲಿದ್ದಾಗ ಇದು ಒಂದು ಮಧ್ಯಾಹ್ನದ ಚಹಾದ ಹೊತ್ತಿಗೆ ಮುಗಿಯುವ ಕೆಲಸ. ದಾನಕ್ಕಿಂತ ಕೆಲಸದ ಆರ್ಡರು ಕೊಡುವುದು ಅಗ್ಗ, ಆದರೆ ಅದಕ್ಕೆ ಫೋಟೋ ಇಲ್ಲ.

ಮಧ್ಯಾಹ್ನ ಎಂದೆವು. ಸಂಘಗಳ ಸಭೆ ನಡೆಯುವುದು ಸಾಮಾನ್ಯವಾಗಿ ವಾರದ ದಿನ ಮಧ್ಯಾಹ್ನಗಳಲ್ಲಿ. ಗಾರ್ಮೆಂಟ್ಸಿನವಳು ಆಗ ಬೆಂಗಳೂರಿನಲ್ಲಿ ಕಾಲರು ಹೊಲಿಯುತ್ತಿರುತ್ತಾಳೆ, ಗಿರಣಿಯವಳು ಪಾಳಿಯಲ್ಲಿರುತ್ತಾಳೆ, ಸೊಪ್ಪು ಮಾರುವವಳು ಬುಟ್ಟಿ ಕಾಯುತ್ತಿರುತ್ತಾಳೆ. ಭಾನುವಾರ ಸಂಜೆ ಒಂದು ಸಭೆ ಇಟ್ಟರೆ ಯಾರ ಮರ್ಯಾದೆಗೂ ಕುಂದಿಲ್ಲ.

ಕೊನೆಯದಾಗಿ ಸೇವೆ ಎಂಬ ಮಾತಿನ ಬಗ್ಗೆ ಒಂದು ಎಚ್ಚರಿಕೆ. ಉಳ್ಳವರ ಮನೆಯ ಹೆಣ್ಣು ಸಂಬಳವಿಲ್ಲದೆ ದುಡಿದರೆ ಅದು ಅವಳ ಸಂತೋಷ. ಇಲ್ಲದವರ ಮನೆಯ ಹೆಣ್ಣಿಗೂ ಸರ್ಕಾರ ಅದೇ ಹೆಸರು ಇಟ್ಟು ಕೂಲಿ ಉಳಿಸುತ್ತಿದೆ. 1975ರಲ್ಲಿ ಅಂಗನವಾಡಿ ಬಂದಾಗ ಕಾರ್ಯಕರ್ತೆಗೆ ಸಂಬಳವೆನ್ನಲಿಲ್ಲ, ಗೌರವಧನವೆಂದರು. 2005ರ ಆರೋಗ್ಯ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆಯನ್ನು ಸ್ವಯಂಸೇವಕಿ ಎಂದರು. ಅಂಗನವಾಡಿಯವರಿಗೂ ಗ್ರಾಚುಯಿಟಿ ಸಲ್ಲಬೇಕೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. 2025ರ ಜನವರಿಯ ಚಳಿಯಲ್ಲಿ ಆಶಾ ಸೋದರಿಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ ಹದಿನೈದು ಸಾವಿರ ಕೇಳಿದರು. ಕೋವಿಡ್ಡಿನಲ್ಲಿ ಅವರಿಗೆ ಶಾಲು ಹೊದಿಸಿದ ಸಂಘಗಳು ನಾಡಿನಲ್ಲಿ ಎಷ್ಟೋ ಇದ್ದವು. ಆ ಚಳಿಯಲ್ಲಿ ಅವರ ಪಕ್ಕ ಕೂತವು ಎಷ್ಟು?

ಈ ಸಲದ ಮೇಳಕ್ಕೆ ನಮ್ಮ ಓದುಗರು ಹೋಗಲಿ, ಟಿಕೆಟ್ಟು ಕೊಳ್ಳಲಿ, ಹೊಟ್ಟೆ ತುಂಬ ತಿನ್ನಲಿ. ಗಲ್ಲದಲ್ಲಿ ಹಣ ಕೊಡುವಾಗ ಆ ಮೂರು ಅಂಕಿಗಳನ್ನು ಮರೆಯದೆ ಕೇಳಲಿ. ಸಂಘದ ಸೋದರಿಯರು ತಮ್ಮ ಕಾರ್ಯಕಾರಿ ಸಮಿತಿಗೆ ಲೈನಿನಿಂದ ಇಬ್ಬರನ್ನು, ಬಜಾರಿನಿಂದ ಒಬ್ಬರನ್ನು ಸೇರಿಸಿಕೊಳ್ಳಲಿ. ಗಣಿ ಆಸ್ಪತ್ರೆಯನ್ನು ಪೂರ್ಣಪ್ರಮಾಣದ ಸರ್ಕಾರಿ ಆಸ್ಪತ್ರೆಯಾಗಿ ನಡೆಸಬೇಕೆಂಬ ಮನವಿಗೆ ಮೊದಲ ಸಹಿ ಅವರದೇ ಇರಲಿ, ಎರಡನೆಯದನ್ನು ನಾವು ಹಾಕುತ್ತೇವೆ. ಮೇಳದ ಜಮಾಖರ್ಚನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ. ಅದಕ್ಕೆ ಜಾಹೀರಾತಿನ ದರ ಕೇಳುವುದಿಲ್ಲ.