ಸಾರಿನ ಅರಿಶಿಣ ಬ್ಯಾರೆ, ಡಬ್ಬಿ ಅರಿಶಿಣ ಬ್ಯಾರೆ

ಮೊನ್ನೆ ನಮ್ಮ ವೈನಿ ರಕ್ತ ತಪಾಸಣಿ ಮಾಡಿಸಿದ್ರ ಹಿಮೋಗ್ಲೋಬಿನ್ 9 ಬಂತು. ಡಾಕ್ಟರ್ ಬರದುಕೊಟ್ಟ ಕಬ್ಬಿಣದ ಗುಳಿಗಿ ತಪ್ಪದ ತಗೋತಾರ, ಖರೆ. ಆದ್ರ ಅದರ ಜೋಡಿನ ಮೊಣಕಾಲ ನೋವಿಗಂತ ಅರಿಶಿಣದ ಕ್ಯಾಪ್ಸೂಲೂ ನುಂಗ್ತಾರ! ಡಾಕ್ಟರ್ ಮುಂದ ಅದನ್ನ ಹೇಳೇ ಇಲ್ಲ. "ಅರಿಶಿಣ ಅಲ್ಲೇನವಾ, ಏನಾಗ್ತದ?" ಅಂತಾರ.

ಆಗ್ತದ್ರೀ. ಅರಿಶಿಣದಾಗಿನ ಕರ್ಕ್ಯುಮಿನ್ ಕಬ್ಬಿಣಕ್ಕ ಅಂಟಿಕೊಳ್ಳೋವಂಥಾದ್ದು. ಹಂಗ ಅಂಟಿಕೊಂಡ್ರ ಕಬ್ಬಿಣ ಕರುಳಿನಿಂದ ರಕ್ತಕ್ಕ ಸೇರೋದು ತ್ರಾಸ. ಇಂಥಾ ಗುಳಿಗಿ ದಿನಾ ಜಾಸ್ತಿ ನುಂಗಿ ಕಬ್ಬಿಣ ಕಡಿಮಿ ಆಗಿ ರಕ್ತಹೀನತಿ ಬಂದ ಒಬ್ಬರ ವಿಷಯ 2019ರಾಗ ವೈದ್ಯಕೀಯ ಪತ್ರಿಕ್ಯಾಗ ಬಂದದ. ಬಿಟ್ಟ ಮ್ಯಾಲೆ ಸುಧಾರಿಸಿತಂತ.

ಹಂಗಂತ ಸಾರಿಗೆ ಹಾಕೋ ಚಿಟಿಕಿಗೆ ಹೆದರಬ್ಯಾಡ್ರಿ. 2006ರಾಗ ಬಂದ ಥಾಯ್ಲಂಡಿನ ಅಭ್ಯಾಸದಾಗ ಹುಡುಗ್ಯಾರ ಊಟಕ್ಕ ಅರ್ಧ ಗ್ರಾಂ ಅರಿಶಿಣ ಹಾಕಿ ನೋಡಿದ್ರು, ಕಬ್ಬಿಣಕ್ಕ ಅಡ್ಡಿ ಆಗಲಿಲ್ಲ. ಅಡ್ಡಿ ಮಾಡಿದ್ದು ಮೆಣಸಿನಕಾಯಿ! (ಇದನ್ನ ನಮ್ಮ ಮನಿ ಗಂಡಸರ ಮುಂದ ಹೇಳಿದ್ರ ಜಗಳಾನ.)

ನನಗ ಸಿಟ್ಟು ಬರೋದು ಡಬ್ಬಿ ಮ್ಯಾಲೆ "ನೈಸರ್ಗಿಕ" ಅಂತ ಬರದದ್ದಕ್ಕ. ಅಷ್ಟು ಓದಿದ್ರ ನಾವು ಅದನ್ನ ಔಷಧ ಅಂತ ಲೆಕ್ಕಕ್ಕ ಹಿಡಿಯೋದs ಇಲ್ಲ. ವೈನಿ ಡಬ್ಬಿ ನನ್ನ ಚೀಲದಾಗ ಹಾಕ್ಕೊಂಡೀನಿ, ಸೋಮವಾರ ಡಾಕ್ಟರಿಗೆ ತೋರಸ್ತೀವಿ.