ಒಂದೇ ಕ್ಯಾಮರಾ, ಎರಡು ಕೆಲಸ

ನೆರೆಮನೆಯ ರಾಯರು ಮಗಳ ವಿವಾಹವನ್ನು ವೈಶಾಖಮಾಸಕ್ಕೆ ನಿಶ್ಚಯಿಸಿರುವರು. ಮೊನ್ನೆ ಸಂಜೆ ನಮ್ಮ ಜಗಲಿಯಲ್ಲಿ ಕುಳಿತು, “ಪಟಕ್ಕೊಂದು, ವಿಡಿಯೋವಿಗೊಂದು ಎಂದು ಎರಡು ಯಂತ್ರಗಳನ್ನು ಕೊಳ್ಳುವುದು ನಮ್ಮಂಥ ಸಂಸಾರಿಗಳಿಂದ ಆಗುವ ಮಾತೇ? ಎರಡಕ್ಕೂ ಒದಗತಕ್ಕ ಒಂದನ್ನು ತಾವೇ ಹೇಳಬೇಕು” ಎಂದರು. ಇದೇ ಪ್ರಶ್ನೆ ಇತರ ವಾಚಕರಿಗೂ ಇರಬಹುದೆಂದೆಣಿಸಿ ಅವರೊಡನೆ ಆಡಿದ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

ಮಸೂರವನ್ನು ಬದಲಾಯಿಸಬಹುದಾದ ಪಟದ ಕ್ಯಾಮರಾಗಳು ಚಲಚ್ಚಿತ್ರವನ್ನೂ ಹಿಡಿಯತೊಡಗಿದುದು 2008ರಲ್ಲಿ. ಆ ವರ್ಷ ನಿಕಾನ್ ಡಿ90, ಅದರ ಹಿಂದೆಯೇ ಕ್ಯಾನನ್ 5ಡಿ ಮಾರ್ಕ್ 2 ಪ್ರಕಟವಾದುವು. ಈಗ ಎರಡನ್ನೂ ಮಾಡದ ಕ್ಯಾಮರಾ ದೊರೆಯುವುದೇ ಅಪರೂಪ. ಹಾಗೆಂದು ಎರಡೂ ಒಂದೇ ಕೆಲಸವೆಂದು ಭ್ರಮಿಸಲಾಗದು.

ಓಡುವ ಮಗುವಿನ ಪಟ ಸ್ಫುಟವಾಗಿ ಮೂಡಬೇಕಾದರೆ ಷಟರು ಸೆಕೆಂಡಿನ 500ನೆಯ ಒಂದು ಪಾಲಿನಷ್ಟು ಮಾತ್ರ ತೆರೆದಿರಬೇಕು. ವಿಡಿಯೋದ ರೀತಿಯೇ ಬೇರೆ. ಸೆಕೆಂಡಿಗೆ 25 ಚಿತ್ರಗಳಂತೆ ಹಿಡಿಯುವಾಗ ಒಂದೊಂದಕ್ಕೂ ಸೆಕೆಂಡಿನ 50ನೆಯ ಒಂದು ಪಾಲು ಬೆಳಕು ಕೊಡುವುದು ವಾಡಿಕೆ. ಆಗಲೇ ಚಲನೆಯು ಕಣ್ಣಿಗೆ ಸಹಜವಾಗಿ ತೋರುವುದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ಛತ್ರದ ದೀಪಗಳು ಚಿತ್ರದಲ್ಲಿ ಮಿಣುಕುವ ತೊಂದರೆಯೂ ಇದರಿಂದ ತಪ್ಪುವುದು. ಆದರೆ ಅಂಥ ಒಂದು ಚಿತ್ರವನ್ನು ಬೇರ್ಪಡಿಸಿ ನೋಡಿರಿ: ಅಕ್ಷತೆ ಎರಚುವ ಕೈಗಳೆಲ್ಲ ಕಲಸಿಹೋಗಿರುತ್ತವೆ. ಮೇಲಾಗಿ 4ಕೆ ಎಂಬ ದರ್ಜೆಯ ವಿಡಿಯೋದಲ್ಲಿಯೂ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬಿಂದುಗಳು. 24 ಮೆಗಾಪಿಕ್ಸೆಲ್ ಕ್ಯಾಮರಾದ ಪಟಕ್ಕೆ 2 ಕೋಟಿ 40 ಲಕ್ಷ. ಆದಕಾರಣ “ವಿಡಿಯೋ ತೆಗೆದುಬಿಡಿ, ಪಟಗಳನ್ನು ಅದರಿಂದಲೇ ಆರಿಸಿಕೊಳ್ಳಬಹುದು” ಎನ್ನುವ ವರ್ತಕನ ಮಾತನ್ನು ನಂಬತಕ್ಕದ್ದಲ್ಲ.

ಪಟದ ಸೊಬಗಿಗೆ ಮರುಳಾಗಿ ಕೊಳ್ಳುವವರು ವಿಡಿಯೋವಿಗೆ ಬೇಕಾದ ಸಣ್ಣ ಸಂಗತಿಗಳನ್ನು ವಿಚಾರಿಸುವುದೇ ಇಲ್ಲ. ಹೊರಗಿನ ಮೈಕನ್ನು ಸಿಕ್ಕಿಸಲು ಕಿಂಡಿ ಇದೆಯೇ? ಕ್ಯಾಮರಾದ ಮೈಕನ್ನೇ ನೆಚ್ಚಿದರೆ ಓಲಗದ ಅಬ್ಬರದಲ್ಲಿ ಪುರೋಹಿತರ ಮಂತ್ರ ಕೇಳಿಸದು. ಕೈ ನಡುಗಿದರೂ ಚಿತ್ರ ನಡುಗದಂತೆ ಒಳಗೆ ಏರ್ಪಾಡಿದೆಯೇ? ತಡೆಯಿಲ್ಲದೆ ಎಷ್ಟು ಹೊತ್ತು ನಡೆಯುವುದು?

ಈ ಕಡೆಯ ಪ್ರಶ್ನೆಯನ್ನು ಕೇಳದೆ ನಾನು ಕೆಟ್ಟೆ. ಐರೋಪ್ಯ ಒಕ್ಕೂಟದಲ್ಲಿ ಅರ್ಧ ಗಂಟೆಗೆ ಮೇಲ್ಪಟ್ಟು ಚಿತ್ರಿಸಬಲ್ಲ ಯಂತ್ರಗಳಿಗೆ ಹಿಂದೆ ಹೆಚ್ಚಿನ ಸುಂಕವಿದ್ದಿತು. ಅದನ್ನು ತಪ್ಪಿಸಿಕೊಳ್ಳಲು ಬಹುಮಂದಿ ತಯಾರಕರು 29 ನಿಮಿಷ 59 ಸೆಕೆಂಡಿಗೆ ಯಂತ್ರ ತಾನಾಗಿ ನಿಲ್ಲುವಂತೆ ಮಾಡುತ್ತಿದ್ದರು. ನನ್ನದೂ ಅಂಥದೇ. ತಂಗಿಯ ಮದುವೆಯಲ್ಲಿ ಅದನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ನಾನು ಮಂಟಪದಲ್ಲಿದ್ದೆ. ಕಾಶೀಯಾತ್ರೆಯಿಂದ ಮೊದಲಾಗಿ ಎಲ್ಲವೂ ಇದೆ. ತಂದೆಯವರು ಧಾರೆ ಎರೆದುದು ಮಾತ್ರ ಇಲ್ಲ. ಈಗ ತಂದೆಯವರೂ ಇಲ್ಲ. ಇತ್ತೀಚಿನ ಅನೇಕ ಕ್ಯಾಮರಾಗಳಲ್ಲಿ ಈ ಕಟ್ಟು ಇರುವುದಿಲ್ಲವಾದರೂ ಹಳೆಯದನ್ನು ಅಗ್ಗವಾಗಿ ಕೊಳ್ಳುವವರು ವಿಚಾರಿಸಲೇಬೇಕು.

ಇನ್ನು ಯಾವ ಕಂಪನಿಯದು? ಕ್ಯಾಮರಾಕ್ಕಿಂತ ಮೊದಲು ಮಸೂರ ಕಚ್ಚಿಕೊಳ್ಳುವ ಬಾಯಿಯನ್ನು ನೋಡಿರಿ. ವರ್ತಕರು ಇದನ್ನು ಮೌಂಟ್ ಎನ್ನುವರು. ಕ್ಯಾಮರಾ ಬೇಗ ಹಳತಾಗುವುದು, ಒಳ್ಳೆಯ ಮಸೂರ ಹಾಗಲ್ಲ. ಕ್ಯಾನನ್ನಿನವರು 1987ರಲ್ಲಿ ಬಾಯಿಯನ್ನೇ ಬದಲಾಯಿಸಿದಾಗ ಹಳೆಯ ಮಸೂರಗಳಿದ್ದವರು ಪೇಚಾಡಿದರು. ಪಾನಾಸೋನಿಕ್, ಒಲಿಂಪಸ್ ಕಂಪನಿಗಳು 2008ರಲ್ಲಿ ತಂದ ಮೈಕ್ರೋ ಫೋರ್ ಥರ್ಡ್ಸ್ ಎಂಬ ಬಾಯಿ ಇಬ್ಬರಿಗೂ ಸಮಾನ; ಮಸೂರಗಳೂ ಹಗುರ. ಮಂಕು ಬೆಳಕಿನಲ್ಲಿ ದೊಡ್ಡ ಸಂವೇದಕದ ಕ್ಯಾಮರಾಗಳೇ ಮೇಲು, ಆದರೆ ತೂಕ, ಬೆಲೆ ಎರಡೂ ಏರುವುವು.

ಎಲ್ಲವನ್ನೂ ಕೇಳಿ ರಾಯರು, “ಸರಿ, ಧಾರೆಯ ಗಳಿಗೆಯಲ್ಲಿ ಪಟವೋ ವಿಡಿಯೋವೋ?” ಎಂದರು. ಒಂದೇ ಯಂತ್ರವೆಂದ ಮೇಲೆ ಆ ಗಳಿಗೆಗೆ ಒಂದನ್ನು ಬಿಡಲೇಬೇಕು. ನಾನು ವಿಡಿಯೋ ಎಂದೆ. “ಎರೆಯುವವನು ನಾನು, ಹಿಡಿಯುವವರು ಯಾರು?” ಎಂದು ನಕ್ಕರು. ಅವರ ತಂಗಿಯ ಮಗ ಈ ಭಾನುವಾರದಿಂದ ನಮ್ಮಲ್ಲಿಗೆ ಅಭ್ಯಾಸಕ್ಕೆ ಬರುತ್ತಾನಂತೆ.